ಟಂಟಂ ಹೊರಡುವುದು ಏಳಕ್ಕೆ, ಅಂಗನವಾಡಿ ತೆಗೆಯುವುದು ಒಂಬತ್ತೂವರೆಗೆ

(ಮೈಸೂರಿನಲ್ಲಿ ಪೋಷಕರ ಸಭೆಯೊಂದರಲ್ಲಿ ಆಡಿದ ಮಾತುಗಳ ಬರಹ ರೂಪ. ಮಾತಿನ ಭರದಲ್ಲಿ ಹಿಂದುಮುಂದಾದದ್ದನ್ನು ಸರಿಪಡಿಸಿಕೊಂಡಿದ್ದೇನೆ. ಕೊನೆಯಲ್ಲಿ ಬಂದ ಪ್ರಶ್ನೆಯನ್ನು ಹಾಗೆಯೇ ಇಟ್ಟಿದ್ದೇನೆ.)

ಎಲ್ಲರಿಗೂ ನಮಸ್ಕಾರ.

ಇಲ್ಲಿಂದ ಮೂವತ್ತು ಕಿಲೋಮೀಟರ್ ಆಚೆ ತಿ. ನರಸೀಪುರವಿದೆ. 1975ರ ಅಕ್ಟೋಬರ್ 2ರಂದು ದೇಶದ 33 ಕಡೆ ಸಮಗ್ರ ಶಿಶು ಅಭಿವೃದ್ಧಿ ಯೋಜನೆ ಶುರುವಾದಾಗ ಕರ್ನಾಟಕದಲ್ಲಿ ಆರಿಸಿಕೊಂಡದ್ದು ಆ ತಾಲ್ಲೂಕನ್ನು. ನಮ್ಮ ರಾಜ್ಯದ ಅಂಗನವಾಡಿಗಳ ತವರು ಅದು. ನನ್ನ ತವರೂ ಅದೇ ಸೀಮೆ. ಇವತ್ತು ರಾಜ್ಯದಲ್ಲಿ 65 ಸಾವಿರಕ್ಕೂ ಹೆಚ್ಚು ಅಂಗನವಾಡಿಗಳಿವೆ. ಬೀದರಿನ ಕೂಸಿಗೂ ಚಾಮರಾಜನಗರದ ಕೂಸಿಗೂ ಅದೇ ಹಾಲು, ಅದೇ ಮೊಟ್ಟೆ, ಅದೇ ಪುಷ್ಟಿ ಪೊಟ್ಟಣ, ಅದೇ ತಾಯಿ ಕಾರ್ಡು. ಹಾಗಿದ್ದ ಮೇಲೆ ಚಿಕ್ಕ ಮಕ್ಕಳನ್ನು ಸಾಕುವ ಅಪ್ಪ ಅಮ್ಮಂದಿರ ಕಷ್ಟದಲ್ಲಿ ಪ್ರದೇಶದಿಂದ ಪ್ರದೇಶಕ್ಕೆ ವ್ಯತ್ಯಾಸ ಎಲ್ಲಿಂದ ಬಂತು ಎಂದು ನೀವು ಕೇಳಬಹುದು.

ನಾನು ಅಂಗನವಾಡಿ ಮೇಲ್ವಿಚಾರಕಿಯಾಗಿ ಇಪ್ಪತ್ತೆಂಟು ವರ್ಷ ಕೆಲಸ ಮಾಡಿದೆ. ಮೊದಲು ಸುರಪುರ ತಾಲ್ಲೂಕು, ಆಮೇಲೆ ಉತ್ತರ ಕನ್ನಡದ ಸಿದ್ದಾಪುರ, ಕೊನೆಯ ನಾಲ್ಕು ವರ್ಷ ಬೆಂಗಳೂರು. ಮೂರೂ ಕಡೆ ಅಪ್ಪ ಅಮ್ಮಂದಿರ ಮಾತು ಕೇಳಿದ್ದೇನೆ. ಕೇಂದ್ರದಲ್ಲಿ ಏನು ಕೊಡುತ್ತೀರಿ ಎಂದು ಕೇಳಿದವರು ಕಡಿಮೆ. ಸುರಪುರದಲ್ಲಿ ಕೇಳಿದ್ದು ಎಷ್ಟೊತ್ತಿಗೆ ತೆಗೆಯುತ್ತೀರಿ ಅಂತ. ಸಿದ್ದಾಪುರದಲ್ಲಿ, ಅಲ್ಲಿಗೆ ಬರುವುದು ಹೇಗೆ ಅಂತ. ಬೆಂಗಳೂರಿನಲ್ಲಿ, ಎಷ್ಟೊತ್ತಿನ ತನಕ ಇಟ್ಟುಕೊಳ್ಳುತ್ತೀರಿ ಅಂತ. ಈ ಮೂರು ಪ್ರಶ್ನೆಗಳನ್ನೇ ಇವತ್ತು ನಿಮ್ಮ ಮುಂದಿಡಬೇಕೆಂದು ಬಂದಿದ್ದೇನೆ.

ಸುರಪುರಕ್ಕೆ ನಾನು ಹೋದಾಗ ಅದಿನ್ನೂ ಗುಲ್ಬರ್ಗಾ ಜಿಲ್ಲೆ. ಯಾದಗಿರಿ ಬೇರೆ ಜಿಲ್ಲೆಯಾಗಲು ಇನ್ನೂ ಎಷ್ಟೋ ವರ್ಷವಿತ್ತು. ನಾವು ಈ ಕಡೆಯವರು ಪೋಷಕರು ಅನ್ನುತ್ತೇವೆ, ಅಲ್ಲಿ ಪಾಲಕರು ಅನ್ನುತ್ತಾರೆ. ಪಾಲಕರ ಸಭೆ ಕರೆದರೆ ಬರುತ್ತಿದ್ದವರು ಬಹುಪಾಲು ಅಜ್ಜಿಯರು. ಅವ್ವಂದಿರು ಎಲ್ಲಿ ಎಂದರೆ ಹೊಲದ ಕಡೆ ಕೈ ತೋರಿಸುತ್ತಿದ್ದರು.

ದೀಪಾವಳಿ ಮುಗಿದರೆ ಅಲ್ಲಿ ಹತ್ತಿ ಬಿಡಿಸುವ ಕಾಲ. ಅದರ ಹಿಂದೆಯೇ ಮೆಣಸಿನಕಾಯಿ. ಹೆಣ್ಣಾಳುಗಳನ್ನು ಕರೆದೊಯ್ಯಲು ಊರಿನ ಅಗಸಿಯ ಮುಂದೆ ಟಂಟಂ ಎಂಬ ಮೂರು ಚಕ್ರದ ಗಾಡಿ ಬಂದು ನಿಲ್ಲುತ್ತದೆ. ಏಳಕ್ಕೆ ಹೊರಡುತ್ತದೆ, ಯಾರಿಗೂ ಕಾಯುವುದಿಲ್ಲ. ಹತ್ತಿಗೆ ಕೂಲಿ ಕೊಡುವುದು ಕಿಲೋ ಲೆಕ್ಕದಲ್ಲಿ. ಹೊತ್ತೇರಿದಷ್ಟೂ ಬಿಸಿಲು, ಬಿಸಿಲೇರಿದಷ್ಟೂ ಕೈ ನಿಧಾನ. ಹಾಗಾಗಿ ಬೆಳಗಿನ ಎರಡು ತಾಸೇ ದುಡಿಮೆಯ ಹೊತ್ತು. ನಮ್ಮ ಅಂಗನವಾಡಿ ಬಾಗಿಲು ತೆಗೆಯುವುದು ಒಂಬತ್ತೂವರೆಗೆ. ಒಬ್ಬಾಕೆ ನನಗೆ ಮುಖಕ್ಕೆ ಮುಖ ಕೊಟ್ಟು ಹೇಳಿದಳು: "ಮೇಡಮ್ಮಾರ, ನೀವು ಸಾಲಿ ಕೀಲಿ ತೆಗಿಯೂದ್ರಾಗ ನಂದು ಎರಡು ಸಾಲು ಹತ್ತಿ ಬಿಡಿಸಿ ಆಗಿರ್ತದ್ರಿ. ಅಲ್ಲೀ ತನಕ ಕೂಸಿನ್ನ ಯಾರ ಕೈಯಾಗ ಕೊಡ್ಲಿ?"

ಈ ಪ್ರಶ್ನೆಗೆ ಅವರೇ ಕಂಡುಕೊಂಡ ಉತ್ತರ ಹಿರಿ ಮಗಳು. ಎಂಟೊಂಬತ್ತು ವರ್ಷದ ಹುಡುಗಿ, ಸೊಂಟದ ಮೇಲೊಂದು ಕೂಸು. ಆ ಭಾಗದ ಯಾವ ಹಳ್ಳಿಗೆ ಹೋದರೂ ಕಾಣುತ್ತಿದ್ದ ಚಿತ್ರ ಅದು.

ನಾನು ಮಾಡಿದ ಒಂದು ತಪ್ಪನ್ನು ಇಲ್ಲಿ ಹೇಳಲೇಬೇಕು. ನನ್ನ ವಲಯದ ಒಂದು ಹಳ್ಳಿಯಲ್ಲಿ ಕಾರ್ಯಕರ್ತೆಯೊಬ್ಬಳು ಏಳಕ್ಕೇ ಬಾಗಿಲು ತೆಗೆಯುತ್ತಿದ್ದಳು. ಅವಳ ಮನೆ ಕೇಂದ್ರಕ್ಕೆ ಅಂಟಿಕೊಂಡೇ ಇತ್ತು. ಮೂರು ವರ್ಷ ತುಂಬದ ಐದಾರು ಕೂಸುಗಳನ್ನೂ ಒಳಗೆ ಬಿಟ್ಟುಕೊಳ್ಳುತ್ತಿದ್ದಳು. ತೊಲೆಗೆ ಹಳೆಯ ಇಳಕಲ್ ಸೀರೆಯ ಜೋಳಿಗೆ ಕಟ್ಟಿದ್ದಳು. ಕೂಸಿನ ಜೊತೆ ಅಕ್ಕಂದಿರೂ ಬಂದು ಕೂತು, ಶಾಲೆಯ ಗಂಟೆ ಹೊಡೆದಾಗ ಎದ್ದು ಓಡುತ್ತಿದ್ದರು. ಪುಸ್ತಕದ ನಿಯಮದ ಪ್ರಕಾರ ಆರು ತಿಂಗಳಿಂದ ಮೂರು ವರ್ಷದ ಕೂಸಿಗೆ ಮನೆಗೆ ಒಯ್ಯುವ ಆಹಾರ ಕೊಡಬೇಕು, ಕೇಂದ್ರದಲ್ಲಿ ಕೂರಿಸಿಕೊಂಡು ಕಲಿಸುವುದು ಮೂರರಿಂದ ಆರು ವರ್ಷದವರಿಗೆ. ನಾನು ಹೊಸಬಳು. ಭೇಟಿ ಪುಸ್ತಕದಲ್ಲಿ "ದಾಖಲಾಗದ ಮಕ್ಕಳನ್ನು ಕೂರಿಸಿಕೊಂಡಿರುವುದು ನಿಯಮಬಾಹಿರ, ಕೂಡಲೇ ನಿಲ್ಲಿಸತಕ್ಕದ್ದು" ಎಂದು ಕೆಂಪು ಶಾಯಿಯಲ್ಲಿ ಬರೆದು ಸಹಿ ಹಾಕಿದೆ.

ಮುಂದಿನ ತಿಂಗಳು ಹೋದಾಗ ಜೋಳಿಗೆ ಬಿಚ್ಚಿತ್ತು. ತೊಲೆಯ ಮೇಲೆ ಅದರ ಗಂಟಿನ ಗುರುತಷ್ಟೇ ಉಳಿದಿತ್ತು. ಕೂಸುಗಳಿರಲಿಲ್ಲ. ಪಕ್ಕದ ಶಾಲೆಯ ಹಾಜರಿ ಪುಸ್ತಕ ತರಿಸಿ ನೋಡಿದೆ. ಮೂರು ಹೆಣ್ಣುಮಕ್ಕಳ ಹೆಸರಿನ ಮುಂದೆ ತಿಂಗಳಿಡೀ ಗೈರು. ಆ ಮೂವರಲ್ಲಿ ಒಬ್ಬಳು ಅಂಗನವಾಡಿ ಬಾಗಿಲಿಗೇ ಬಂದು ತಮ್ಮನನ್ನು ಸೊಂಟಕ್ಕೆ ಏರಿಸಿಕೊಂಡು ನಿಂತಿದ್ದಳು. ಒಳಗೆ ಬರಲಿಲ್ಲ. ಬರಬಾರದು ಎಂದು ಅವಳಿಗೆ ಯಾರೋ ಹೇಳಿದ್ದರು. ಹಾಗೆ ಹೇಳಿಸಿದವಳು ನಾನೇ. ಆ ಕಾರ್ಯಕರ್ತೆಯ ಮುಂದೆ ತಪ್ಪೊಪ್ಪಿಕೊಂಡೆ. ಜೋಳಿಗೆ ಮತ್ತೆ ಕಟ್ಟಿದಳು. ಮೂವರಲ್ಲಿ ಇಬ್ಬರು ಶಾಲೆಗೆ ಮರಳಿದರು. ಇನ್ನೊಬ್ಬಳು ಮರಳಲಿಲ್ಲ.

ಇನ್ನೊಂದು ಸಂಗತಿ ಹೇಳುತ್ತೇನೆ. ಕಲಬುರಗಿ ವಿಭಾಗದಲ್ಲಿ ಬಿಸಿಲಿನ ಕಾರಣಕ್ಕೆ ಏಪ್ರಿಲ್, ಮೇ ತಿಂಗಳಲ್ಲಿ ಸರ್ಕಾರಿ ಕಚೇರಿಗಳು ಬೆಳಿಗ್ಗೆ ಎಂಟಕ್ಕೆ ತೆಗೆದು ಮಧ್ಯಾಹ್ನ ಒಂದೂವರೆಗೆ ಮುಚ್ಚುತ್ತವೆ. ಒಳ್ಳೆಯ ಏರ್ಪಾಡು, ಆ ಬಿಸಿಲು ತಿಂದವಳು ನಾನು. ನನ್ನ ವಲಯದ ಅಂಗನವಾಡಿಗಳೂ ಬೇಸಿಗೆಯಲ್ಲಿ ಬೇಗ ತೆಗೆಯುತ್ತಿದ್ದವು. ಆದರೆ ಆ ಎರಡು ತಿಂಗಳು ಹೊಲದಲ್ಲಿ ಕೆಲಸವೇ ಇರುವುದಿಲ್ಲ. ಅರ್ಧ ಊರು ಗುಳೆ ಹೋಗಿರುತ್ತದೆ. ಅಂದರೆ ತಾಯಿಗೆ ಬೇಕಿಲ್ಲದ ಕಾಲದಲ್ಲಿ ಕೇಂದ್ರ ಬೇಗ ತೆಗೆಯುತ್ತದೆ, ಬೇಕಾದ ಕಾಲದಲ್ಲಿ ತಡವಾಗಿ ತೆಗೆಯುತ್ತದೆ. ಊರಿಗೆ ತಕ್ಕಂತೆ ವೇಳೆ ಬದಲಾಯಿಸುವುದು ಸರ್ಕಾರಕ್ಕೆ ಗೊತ್ತಿಲ್ಲದ ವಿದ್ಯೆ ಏನಲ್ಲ. ನೌಕರರಿಗಾಗಿ ಪ್ರತಿ ವರ್ಷ ಬದಲಾಯಿಸುತ್ತಲೇ ಬಂದಿದೆ.

2002ರಲ್ಲಿ, ರಾಜ್ಯದ ಪ್ರಾದೇಶಿಕ ಅಸಮತೋಲನವನ್ನು ಅಳೆದ ಡಾ. ಡಿ.ಎಂ. ನಂಜುಂಡಪ್ಪ ಸಮಿತಿ ಅತ್ಯಂತ ಹಿಂದುಳಿದ 39 ತಾಲ್ಲೂಕುಗಳನ್ನು ಗುರುತಿಸಿತು. ಅವುಗಳಲ್ಲಿ 21 ಕಲಬುರಗಿ ವಿಭಾಗದವು, ಸುರಪುರವೂ ಅಲ್ಲಿದೆ. 2019ರಿಂದ 21ರ ನಡುವೆ ನಡೆದ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯಲ್ಲಿ, ವಯಸ್ಸಿಗೆ ತಕ್ಕ ಎತ್ತರ ಬೆಳೆಯದ ಐದು ವರ್ಷದೊಳಗಿನ ಮಕ್ಕಳು ರಾಜ್ಯದಲ್ಲಿ ಶೇ 35.4. ಯಾದಗಿರಿಯಲ್ಲಿ ಅರ್ಧಕ್ಕಿಂತ ಹೆಚ್ಚು. ಈ ಅಂಕಿ ಕೇಳಿದಾಗಲೆಲ್ಲ ಆ ತಾಯಂದಿರಿಗೆ ತಿಳಿವಳಿಕೆ ಸಾಲದು, ಜಾಗೃತಿ ಮೂಡಿಸಬೇಕು ಎನ್ನುವವರಿದ್ದಾರೆ. ನಾನು ಒಪ್ಪುವುದಿಲ್ಲ. ಕೂಸಿಗೆ ದಿನಕ್ಕೆ ನಾಲ್ಕೈದು ಸಲ ತಿನ್ನಿಸಬೇಕೆಂದು ಅವರಿಗೆ ಚೆನ್ನಾಗಿ ಗೊತ್ತು. ತಿನ್ನಿಸುವ ಹೊತ್ತಿನಲ್ಲಿ ಅವರು ಇನ್ನೊಬ್ಬರ ಹೊಲದಲ್ಲಿರುತ್ತಾರೆ. ಒಂಬತ್ತು ವರ್ಷದ ಅಕ್ಕ ಎಷ್ಟು ಅಂತ ತಿನ್ನಿಸಿಯಾಳು? ಅವಳಿಗೇ ಹಸಿವು.

ಸಿದ್ದಾಪುರಕ್ಕೆ ವರ್ಗವಾದಾಗ ಎಲ್ಲ ಸಲೀಸು ಅಂದುಕೊಂಡಿದ್ದೆ. ಅಲ್ಲಿನ ಜನ ಓದಿದವರು, ಮನೆಯಲ್ಲಿ ಅಜ್ಜಿ ಇರುತ್ತಾಳೆ, ಅಡಿಕೆ ತೋಟ ಮನೆಯ ಬುಡದಲ್ಲೇ. ನಿಜ, ಹೊತ್ತಿನ ಕಷ್ಟ ಅಲ್ಲಿ ಅಷ್ಟಿರಲಿಲ್ಲ. ದೂರದ ಕಷ್ಟ ಇತ್ತು.

ನಮ್ಮ ಲೆಕ್ಕದಲ್ಲಿ 400ರಿಂದ 800 ಜನಸಂಖ್ಯೆಗೆ ಒಂದು ಅಂಗನವಾಡಿ. ಸುರಪುರದ ಕಡೆ 800 ಜನ ಎಂದರೆ ಒಂದು ಓಣಿ. ಬೆಂಗಳೂರಿನಲ್ಲಿ ಒಂದು ಅಪಾರ್ಟ್‌ಮೆಂಟು. ಮಲೆನಾಡಿನಲ್ಲಿ ಅದು ಮೂರು ಗುಡ್ಡ, ಎರಡು ಹಳ್ಳ, ನಡುವೆ ಕಾಡು. ಇಲ್ಲೆರಡು ಮನೆ, ಆಚೆ ಕಣಿವೆಯಲ್ಲಿ ನಾಲ್ಕು ಮನೆ. ಮಿನಿ ಅಂಗನವಾಡಿಗಳು ಬಂದವು. ಅವುಗಳಿಗೂ ಒಂದಿಷ್ಟು ತಲೆ ಲೆಕ್ಕ ಬೇಕು.

ಕಾಲುಸಂಕ ನೋಡದವರಿಗೆ ಹೇಳುತ್ತೇನೆ. ಹಳ್ಳದ ಮೇಲೆ ಎರಡೋ ಮೂರೋ ಅಡಿಕೆ ಮರದ ಕಾಂಡ ಅಡ್ಡ ಹಾಕಿ ಬಿಗಿದಿರುತ್ತಾರೆ. ಹಿಡಿದುಕೊಳ್ಳಲು ಒಂದು ಬದಿಗೆ ಬಿದಿರಿನ ಗಳ. ಜೂನ್ ದಾಟಿದರೆ ಕಾಂಡದ ಮೇಲೆ ಹಾವಸೆ ಕಟ್ಟುತ್ತದೆ, ಕೆಳಗೆ ಕೆಂಪು ನೀರು. ಒಂದು ಕೈಯಲ್ಲಿ ಕೊಡೆ, ಇನ್ನೊಂದು ಕೈಯಲ್ಲಿ ಗಳ. ಮೂರು ವರ್ಷದ ಮಗುವನ್ನು ಯಾವ ಕೈಯಲ್ಲಿ ಹಿಡಿಯುವುದು? ಭೇಟಿಗೆ ಹೋದ ನನ್ನನ್ನೇ ಸಹಾಯಕಿ ಬಂದು ದಾಟಿಸುತ್ತಿದ್ದಳು. ಅಲ್ಲಿಯ ತಾಯಿಯೊಬ್ಬಳು ಹೇಳಿದ್ದನ್ನು ನಾನು ಮರೆತಿಲ್ಲ: "ಎಂಟ್ ತಿಂಗ್ಳು ಇಂವ ನಿಮ್ಮ ಅಂಗನವಾಡಿ ಹುಡ್ಗ ಅಕ್ಕೋರೆ, ನಾಕ್ ತಿಂಗ್ಳು ಹಳ್ಳದ ಈಚೆ ಹುಡ್ಗ."

2017ರ ಅಕ್ಟೋಬರ್ 2ರಿಂದ ಮಾತೃಪೂರ್ಣ ಯೋಜನೆ ರಾಜ್ಯದ ತುಂಬ ಜಾರಿಯಾಯಿತು. ಬಸುರಿ ಬಾಣಂತಿಯರಿಗೆ ಮನೆಗೆ ಕೊಡುತ್ತಿದ್ದ ರೇಷನ್ ನಿಲ್ಲಿಸಿ, ಕೇಂದ್ರದಲ್ಲೇ ಬಿಸಿಯೂಟ. ಅನ್ನ, ಸಾರು, ಪಲ್ಯ, ಬೇಯಿಸಿದ ಮೊಟ್ಟೆ, ಹಾಲು, ಶೇಂಗಾ ಚಿಕ್ಕಿ. ಮನಸ್ಸಿಟ್ಟು ರೂಪಿಸಿದ ಯೋಜನೆ. ನನ್ನ ಸಿದ್ದಾಪುರದ ತಾಯಂದಿರು ಬೇಡ ಎಂದರು. ಎಂಟು ತಿಂಗಳ ಬಸುರಿ ಎರಡು ಕಿಲೋಮೀಟರ್ ಘಟ್ಟ ಇಳಿದು ಬಂದು ಉಂಡು ಮತ್ತೆ ಹತ್ತಬೇಕು. ಉಂಡ ಅನ್ನ ಹತ್ತುವಾಗಲೇ ಕರಗಿತು ಎಂದಳು ಒಬ್ಬಳು. ಬಾಣಂತಿಯನ್ನು ಮೂರು ತಿಂಗಳು ಹೊಸಿಲು ದಾಟಿಸದ ಮನೆಗಳೂ ಇದ್ದವು. ಮೊದಲಿನ ಹಾಗೆ ಮನೆಗೇ ಕೊಡಿ ಎಂದು ಎಲ್ಲರದ್ದೂ ಒಂದೇ ಮಾತು.

ಅದೇ ದಿನಗಳಲ್ಲಿ ಸುರಪುರದ ನನ್ನ ಹಳೆಯ ಕಾರ್ಯಕರ್ತೆಗೆ ಫೋನು ಮಾಡಿ ಅಲ್ಲಿ ಹೇಗಿದೆ ಎಂದು ಕೇಳಿದೆ. ಅವಳು ಪಕ್ಕದಲ್ಲಿ ಉಣ್ಣುತ್ತಿದ್ದ ಸೊಸೆಯೊಬ್ಬಳ ಕೈಗೆ ಫೋನು ಕೊಟ್ಟಳು. ಆ ಹುಡುಗಿ ಹೇಳಿದ್ದು: "ಮನಿಗೆ ತತ್ತಿ ಕೊಟ್ರ ಮೊದಲ ಗಂಡಗ, ಆಮ್ಯಾಲ ಮೈದುನಗ್ರಿ. ಇಲ್ಲಿ ನನ್ನ ತತ್ತಿ ನಾನ ತಿಂತೀನಿ."

ಒಂದೇ ಯೋಜನೆ, ಒಂದೇ ಊಟ. ಒಬ್ಬಳಿಗೆ ಅದು ಶಿಕ್ಷೆ, ಇನ್ನೊಬ್ಬಳಿಗೆ ಜೀವನದಲ್ಲಿ ಮೊದಲ ಸಲ ತನ್ನ ಪಾಲಿನ ಮೊಟ್ಟೆ. ಇಬ್ಬರ ಮಾತೂ ನಿಜ. ಇಬ್ಬರಲ್ಲಿ ಯಾರ ಮಾತು ಹೆಚ್ಚು ಎಂದು ವಿಧಾನಸೌಧದಲ್ಲಿ ಕೂತು ತೀರ್ಮಾನಿಸಲು ಆಗುವುದಿಲ್ಲ, ತೀರ್ಮಾನಿಸಲೂಬಾರದು. ಆಯಾ ಊರಿನ ತಾಯಂದಿರನ್ನು ಕೇಳಿ ಮಾಡಿದ್ದರೆ ಎರಡೂ ಕಡೆ ಆ ಯೋಜನೆ ಚೆನ್ನಾಗಿ ನಡೆಯುತ್ತಿತ್ತು.

ಕರಾವಳಿಯಲ್ಲಿ ನಾನು ಕೆಲಸ ಮಾಡಿಲ್ಲ, ಹೆಚ್ಚು ಹೇಳಲಾರೆ. ಮಂಗಳೂರು ಕಡೆಯ ಸಹೋದ್ಯೋಗಿಗಳು ಹೇಳುತ್ತಿದ್ದದ್ದು ಬೇರೆ ಚಿಂತೆ. ಬೀಡಿ ಕಟ್ಟುವ ತಾಯಿ ಮನೆಯಲ್ಲೇ ಇರುತ್ತಾಳೆ, ಕೂಸು ಕಣ್ಣೆದುರಿಗೇ ಇರುತ್ತದೆ, ಅವಳಿಗೆ ಬೇಕಾದ್ದು ಇಂಗ್ಲಿಷ್ ಎಲ್‌ಕೆಜಿ. ಆ ಬೇಡಿಕೆ ಈಗ ಎಲ್ಲ ಕಡೆ ಹಬ್ಬಿದೆ. 2024ರಲ್ಲಿ ಕಲ್ಯಾಣ ಕರ್ನಾಟಕದ ಸರ್ಕಾರಿ ಶಾಲೆಗಳಲ್ಲಿ ಎಲ್‌ಕೆಜಿ, ಯುಕೆಜಿ ತೆರೆಯಲು ಹೊರಟಾಗ ಅಂಗನವಾಡಿ ಕಾರ್ಯಕರ್ತೆಯರು ಬೀದಿಗಿಳಿದದ್ದು ನಿಮಗೆ ನೆನಪಿರಬಹುದು. ಮಕ್ಕಳು ಅತ್ತ ಹೋದರೆ ಕೇಂದ್ರ ಖಾಲಿಯಾಗುತ್ತದೆ ಎಂಬ ಅವರ ಭಯ ಸುಳ್ಳಲ್ಲ.

ಬೆಂಗಳೂರಿಗೆ ಬರುತ್ತೇನೆ. ಸುರಪುರದ ಅವ್ವಂದಿರು ಬೆಂಗಳೂರಿನಲ್ಲಿ ಎಲ್ಲ ಸಿಗುತ್ತದೆ ಅನ್ನುತ್ತಿದ್ದರು. ಬೆಂಗಳೂರಿನ ಅಮ್ಮಂದಿರು ಊರಲ್ಲಾದರೆ ನೋಡಿಕೊಳ್ಳುವವರು ಇರುತ್ತಾರೆ ಅನ್ನುತ್ತಿದ್ದರು. ಇಬ್ಬರೂ ಅಂದುಕೊಂಡಿದ್ದು ತಪ್ಪು.

ಗಾರ್ಮೆಂಟ್ಸ್ ಕಾರ್ಖಾನೆಯ ತಾಯಂದಿರು ನನಗೆ ಬಹಳ ಜನ ಗೊತ್ತು. 1948ರ ಕಾರ್ಖಾನೆ ಕಾಯಿದೆಯ ಪ್ರಕಾರ ಮೂವತ್ತಕ್ಕಿಂತ ಹೆಚ್ಚು ಹೆಣ್ಣುಮಕ್ಕಳು ದುಡಿಯುವ ಕಡೆ ಶಿಶುಪಾಲನಾ ಕೊಠಡಿ ಇರಲೇಬೇಕಿತ್ತು. ಎಷ್ಟೋ ಕಡೆ ಇದೆ, ತೊಟ್ಟಿಲೂ ಇದೆ. ಮಕ್ಕಳು ಕಡಿಮೆ. ಏಕೆ ಎಂದು ಕೇಳಿದರೆ ಬಸ್ಸು ಅನ್ನುತ್ತಾರೆ. ಬೆಳಗಿನ ಎಂಟರ ಬಸ್ಸಿನಲ್ಲಿ ಕಂಬ ಹಿಡಿಯಲೂ ಜಾಗವಿಲ್ಲದಾಗ ಹತ್ತು ತಿಂಗಳ ಕೂಸನ್ನು ಎತ್ತಿಕೊಂಡು ಹೋಗುವುದು ಹೇಗೆ? ಮನೆಯ ಹತ್ತಿರದ ಅಂಗನವಾಡಿ ನಾಲ್ಕಕ್ಕೆ ಮುಚ್ಚುತ್ತದೆ, ಶಿಫ್ಟು ಮುಗಿಯುವುದು ಐದೂವರೆಗೆ. ಕೊನೆಗೆ ಕೂಸನ್ನು ಊರಿಗೆ ಕಳಿಸುತ್ತಾರೆ, ಅಜ್ಜಿಯ ಹತ್ತಿರ. ನಮ್ಮ ಇದೇ ನರಸೀಪುರ, ಕೊಳ್ಳೇಗಾಲದ ಕಡೆಯ ಎಷ್ಟು ಮಕ್ಕಳು ವರ್ಷಕ್ಕೆ ಎರಡು ಸಲ ಅಮ್ಮನ ಮುಖ ನೋಡುತ್ತಿದ್ದಾವೆ ಎಂದು ಇಲ್ಲಿ ಕೂತವರಿಗೆ ನಾನು ಹೇಳಬೇಕಿಲ್ಲ.

ಒಂದು ದಿನ ವೈಟ್‌ಫೀಲ್ಡ್ ಕಡೆ ಕಟ್ಟಡ ಎದ್ದೇಳುತ್ತಿದ್ದ ಜಾಗದ ಪಕ್ಕದಲ್ಲಿ, ನೀಲಿ ಶೀಟಿನ ಶೆಡ್ಡುಗಳ ಸಾಲಿನಲ್ಲಿ, ಸುರಪುರದ ಮಾತು ಕಿವಿಗೆ ಬಿತ್ತು. ನಿಂತು ಮಾತಾಡಿಸಿದೆ. ಒಂದೂವರೆ ವರ್ಷದ ಹುಡುಗ, ಮರಳ ರಾಶಿಯ ಮೇಲೆ ಕೂತಿದ್ದ. ಅಪ್ಪ ಮುಂದೆ ಬಂದು ಪ್ಲಾಸ್ಟಿಕ್ ಕವರಿನಲ್ಲಿ ಜೋಪಾನ ಮಾಡಿದ್ದ ತಾಯಿ ಕಾರ್ಡು ತೋರಿಸಿದ. ಒಂಬತ್ತು ತಿಂಗಳ ಚುಚ್ಚುಮದ್ದಿನ ತನಕ ಎಲ್ಲ ತುಂಬಿತ್ತು. ಆಮೇಲೆ ಖಾಲಿ. "ಅಲ್ಲಿ ಹೆಸರು ಐತ್ರಿ, ನಾವು ಇಲ್ಲ. ಇಲ್ಲಿ ನಾವು ಅದೀವಿ, ಹೆಸರು ಇಲ್ಲ," ಎಂದ. ಕಟ್ಟಡ ಕಾರ್ಮಿಕರ 1996ರ ಕಾಯಿದೆಯಲ್ಲಿ ಐವತ್ತಕ್ಕಿಂತ ಹೆಚ್ಚು ಹೆಂಗಸರು ಇದ್ದರೆ ಶಿಶುಪಾಲನೆಯ ಕೋಣೆ ಕೊಡಬೇಕೆಂದಿತ್ತು. ಆ ಜಾಗದಲ್ಲಿ ಹೆಂಗಸರು ಬೇಕಾದಷ್ಟಿದ್ದರು, ಆದರೆ ಐದಾರು ಮೇಸ್ತ್ರಿಗಳ ಕೈಕೆಳಗೆ ಹತ್ತು ಹದಿನೈದು ಜನರಂತೆ ಹಂಚಿಹೋಗಿದ್ದರು. ಯಾವ ಮೇಸ್ತ್ರಿಯ ಪಟ್ಟಿಯಲ್ಲೂ ಐವತ್ತು ದಾಟುತ್ತಿರಲಿಲ್ಲ. ಆ ಹುಡುಗನ ಹೆಸರನ್ನು ಹತ್ತಿರದ ಕೇಂದ್ರದಲ್ಲಿ ಬರೆಸಿದೆ. ಎರಡು ತಿಂಗಳಲ್ಲಿ ಆ ಕೆಲಸ ಮುಗಿದು ಅವರು ಬೇರೆಲ್ಲಿಗೋ ಹೋದರು.

ನನ್ನ ಮಗಳ ವಿಷಯವನ್ನೂ ಹೇಳುತ್ತೇನೆ, ಏಕೆಂದರೆ ಅವಳೂ ಒಬ್ಬ ತಾಯಿಯೇ. ಕಂಪನಿ ಕೆಲಸ, 26 ವಾರ ರಜೆ ಸಿಕ್ಕಿತು, ಸಂಜೆ ಏಳರ ತನಕ ನೋಡಿಕೊಳ್ಳುವ ಡೇ ಕೇರ್ ಸಿಕ್ಕಿತು. ಅವಳು ತಿಂಗಳಿಗೆ ಅಲ್ಲಿ ಕಟ್ಟುವ ಹಣವೂ ಒಬ್ಬ ಕಾರ್ಯಕರ್ತೆಗೆ ತಿಂಗಳಿಗೆ ಸಿಗುವ ಗೌರವಧನವೂ ಹೆಚ್ಚುಕಡಿಮೆ ಒಂದೇ.

ಈ 26 ವಾರದ ಲೆಕ್ಕ ನೋಡಿ. 2017ರ ತಿದ್ದುಪಡಿಯ ಹೆರಿಗೆ ರಜೆ ಮುಗಿಯುವಾಗ ಕೂಸಿಗೆ ಹೆಚ್ಚೆಂದರೆ ಆರು ತಿಂಗಳು. ಅಂಗನವಾಡಿ ಒಳಗೆ ಕರೆದುಕೊಳ್ಳುವುದು ಮೂರು ವರ್ಷಕ್ಕೆ. ನಡುವಿನ ಎರಡೂವರೆ ವರ್ಷ ಕೂಸು ಯಾರ ಮಡಿಲಲ್ಲಿರಬೇಕು? ಅದೂ ರಜೆ ಸಿಗುವವರ ಮಾತಾಯಿತು. ಹತ್ತಿ ಬಿಡಿಸುವವಳಿಗೆ ರಜೆ ಎಲ್ಲಿಯದು? ಮೆದುಳು, ಮೂಳೆ ಎರಡೂ ಅತಿ ವೇಗದಲ್ಲಿ ಬೆಳೆಯುವ ಕಾಲ ಅದು. ಆ ಕಾಲಕ್ಕೇ ನಮ್ಮ ವ್ಯವಸ್ಥೆಯಲ್ಲಿ ಕೊಟ್ಟಿರುವುದು ಒಂದು ಪೊಟ್ಟಣ ಪುಡಿ. ನನಗೆ ಎಲ್ಲಕ್ಕಿಂತ ಸಂಕಟವಾಗುವುದು ಇಲ್ಲಿ.

'ಕೂಸಿನ ಮನೆ' ಯೋಜನೆ ಬಂದಾಗ ನನಗೆ ನಿಜಕ್ಕೂ ಸಂತೋಷವಾಯಿತು. 2023–24ರ ಬಜೆಟ್‌ನಲ್ಲಿ ಘೋಷಿಸಿ, 4,000 ಗ್ರಾಮ ಪಂಚಾಯಿತಿಗಳಲ್ಲಿ ಶಿಶುಪಾಲನಾ ಕೇಂದ್ರ ಎಂದರು. ರಾಜ್ಯದಲ್ಲಿ ಪಂಚಾಯಿತಿಗಳಿರುವುದು ಆರು ಸಾವಿರದ ಹತ್ತಿರ ಹತ್ತಿರ. ಉದ್ಯೋಗ ಖಾತರಿಯಲ್ಲಿ ದುಡಿಯುವ ತಾಯಂದಿರ ಚಿಕ್ಕ ಮಕ್ಕಳಿಗಾಗಿ, ಅದೇ ಊರಿನ ಹೆಣ್ಣುಮಕ್ಕಳಿಗೆ ತರಬೇತಿ ಕೊಟ್ಟು ನಡೆಸುವ ಕೇಂದ್ರ. ಕಳೆದ ವರ್ಷ ಸುರಪುರ ಕಡೆ ಹೋದಾಗ ಒಂದನ್ನು ನೋಡಿ ಬಂದೆ. ಗೋಡೆಗೆ ಬಣ್ಣ ಬಳಿದಿದ್ದರು, ಆಟಿಕೆ ಇತ್ತು. ಆದರೆ ಅಲ್ಲಿಯ ತಾಯಂದಿರ ದೂರು ಹಳೆಯದೇ: ಹತ್ತಿಯ ಕಾಲದಲ್ಲಿ ಏಳಕ್ಕೆ ತೆಗೆಯಬೇಕು.

ಪ್ರತಿ ಅಂಗನವಾಡಿಗೂ ಬಾಲವಿಕಾಸ ಸಮಿತಿ ಎಂದೊಂದಿದೆ. ಪೋಷಕರೇ ಅದರಲ್ಲಿರುತ್ತಾರೆ. ಇವತ್ತು ಆ ಸಮಿತಿಯ ಕೆಲಸ ಸಹಿ ಹಾಕುವುದಕ್ಕೆ ನಿಂತುಹೋಗಿದೆ. ವೇಳೆ ಗೊತ್ತುಮಾಡುವ ಅಧಿಕಾರ ಅದಕ್ಕೆ ಬರಲಿ. ಸುರಪುರದ ಸಮಿತಿ ಹತ್ತಿಯ ಕಾಲಕ್ಕೆ ಏಳು ಗಂಟೆ ಎನ್ನಲಿ. ಸಿದ್ದಾಪುರದ ಸಮಿತಿ ಮಳೆಗಾಲದ ನಾಲ್ಕು ತಿಂಗಳು ಹಳ್ಳದ ಈಚೆ ಯಾರದಾದರೂ ಜಗಲಿಯಲ್ಲಿ ಮಕ್ಕಳನ್ನು ಕೂರಿಸಲಿ, ಬಸುರಿಯ ಊಟ ಮನೆಗೆ ಹೋಗಲಿ. ಬೆಂಗಳೂರಿನ ಸಮಿತಿ ಸಂಜೆ ಏಳರ ತನಕ ಎನ್ನಲಿ. ಇದಕ್ಕೆ ಹೊಸ ಹೆಸರಿನ ಯೋಜನೆ ಬೇಕಿಲ್ಲ, ದುಡ್ಡು ಬೇಕು, ಅದನ್ನು ಮುಚ್ಚಿಡುವುದಿಲ್ಲ.

ಮಾತು ಮುಗಿಸಿ ಕೂತ ಮೇಲೆ ಹಿಂದಿನ ಸಾಲಿನಿಂದ ಒಬ್ಬ ಹೆಣ್ಣುಮಗಳು ಎದ್ದು ನಿಂತಳು. ಗುಲಾಬಿ ಅಂಚಿನ ಸೀರೆ, ಹೆಗಲಲ್ಲಿ ರಿಜಿಸ್ಟರ್ ತುಂಬಿದ ಚೀಲ. ನಮ್ಮವಳೇ ಎಂದು ನೋಡಿದ ಕೂಡಲೇ ತಿಳಿಯಿತು. "ಮೇಡಂ, ನೀವು ಹೇಳಿದ್ದೆಲ್ಲ ಸರಿ. ಆದ್ರೆ ಏಳಕ್ಕೆ ಬಾಗಿಲು ತೆಗೀಬೇಕು ಅಂದ್ರೆ ನಾನು ಮನೆ ಬಿಡೋದು ಆರೂವರೆಗೆ. ನನ್ನ ಮಗೂಗೆ ಎರಡು ವರ್ಷ. ಅದನ್ನ ಯಾರ ಹತ್ರ ಬಿಡ್ಲಿ?"

ಸಭೆ ಸುಮ್ಮನಾಯಿತು. ನಾನು ಕೊಟ್ಟ ಉತ್ತರ ಇಷ್ಟು. ಒಬ್ಬಳೇ ಕಾರ್ಯಕರ್ತೆ ಬೆಳಿಗ್ಗೆ ಏಳರಿಂದ ಸಂಜೆಯ ತನಕ ದುಡಿಯಲಿ ಎಂದು ನಾನು ಹೇಳುತ್ತಿಲ್ಲ, ಹೇಳಿದರೆ ಅದು ಇನ್ನೊಂದು ಅನ್ಯಾಯ. ಹೊತ್ತು ಹೆಚ್ಚಿಸುವ ಪ್ರತಿ ಕೇಂದ್ರಕ್ಕೂ ಎರಡನೆಯ ಕಾರ್ಯಕರ್ತೆ ಬೇಕು, ಎರಡು ಪಾಳಿ ಬೇಕು, ಎರಡು ಸಂಬಳ ಬೇಕು. ಗೌರವಧನ ಎಂಬ ಪದ ಬಿಟ್ಟು ಸಂಬಳ ಎಂದೇ ಹೇಳುತ್ತಿದ್ದೇನೆ. ನಿನ್ನ ಎರಡು ವರ್ಷದ ಮಗು ನಿನ್ನದೇ ಕೇಂದ್ರದಲ್ಲಿ, ಹೆಸರು ದಾಖಲಾಗಿ, ನಿನ್ನ ಕಣ್ಣೆದುರು ಇರಬೇಕು. ಅದನ್ನು ನಿಯಮಬಾಹಿರ ಎಂದು ಯಾರೂ ಕೆಂಪು ಶಾಯಿಯಲ್ಲಿ ಬರೆಯಬಾರದು.

ಅವಳು ಕೂರಲಿಲ್ಲ. "ಇದನ್ನ ಬರೆದು ಕೊಡ್ತೀರಾ ಮೇಡಂ, ನಮ್ಮ ಸಮಿತಿ ಸಭೆ ಶನಿವಾರ ಇದೆ," ಎಂದಳು. ಆ ಶನಿವಾರಕ್ಕಾಗಿ ಕೂತು ಬರೆದದ್ದೇ ಈ ಬರಹ.